ಪರಮಾಣು ವಿಜ್ಞಾನ: ಕೈಯಾರೆ ಕಲಿಯಲು ಹಂಚಿಕೊಂಡ ಪ್ರಯೋಗಾಲಯಗಳು

ದಡದಲ್ಲಿ ಕುಳಿತು ಈಜು ಕಲಿತವರಿಲ್ಲ. ಪರಮಾಣು ವಿಜ್ಞಾನಕ್ಕೂ ಈ ಮಾತು ಸಲ್ಲುತ್ತದೆ. ನ್ಯೂಟ್ರಾನ್, ವಿಕಿರಣ, ಅರ್ಧಾಯುಷ್ಯ ಮುಂತಾದ ವಿಷಯಗಳನ್ನು ಕಾಲೇಜಿನ ತರಗತಿಯಲ್ಲಿ ಓದಿ ಪರೀಕ್ಷೆಯಲ್ಲಿ ಅಂಕ ಪಡೆಯಬಹುದು. ಆದರೆ ಆಸ್ಪತ್ರೆಯ ಕೋಬಾಲ್ಟ್ ಯಂತ್ರ ನೋಡಿಕೊಳ್ಳುವವರಿಗೆ, ವಿದ್ಯುತ್ ಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ಕೂರುವವರಿಗೆ, ಊರಿನ ನೀರು ಮತ್ತು ಮಣ್ಣಿನಲ್ಲಿ ವಿಕಿರಣ ಎಷ್ಟಿದೆ ಎಂದು ಅಳೆಯುವವರಿಗೆ ಓದು ಮಾತ್ರ ಸಾಲದು. ಉಪಕರಣವನ್ನು ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿರಬೇಕು.

ಇಂಥ ಉಪಕರಣಗಳು ಎಲ್ಲ ಕಾಲೇಜುಗಳಿಗೂ ಎಟುಕುವಂಥವಲ್ಲ. ಸಂಶೋಧನಾ ರಿಯಾಕ್ಟರ್ ಕಟ್ಟಲು ಭಾರೀ ಹಣ ಬೇಕು. ಕಟ್ಟಿದ ಮೇಲೆ ಇಂಧನ, ಪರವಾನಗಿ, ಹಗಲಿರುಳು ಕಾವಲು, ಬಳಸಿದ ಇಂಧನದ ವಿಲೇವಾರಿ ಎಂದು ಖರ್ಚು ಮುಗಿಯುವುದೇ ಇಲ್ಲ. ಭಾರತದ ಯಾವ ವಿಶ್ವವಿದ್ಯಾಲಯದಲ್ಲೂ ಸ್ವಂತ ರಿಯಾಕ್ಟರ್ ಇಲ್ಲ. ದೇಶದ ಸಂಶೋಧನಾ ರಿಯಾಕ್ಟರುಗಳೆಲ್ಲ ಪರಮಾಣು ಶಕ್ತಿ ಇಲಾಖೆಯ ಆವರಣಗಳಲ್ಲಿವೆ. ಆದ್ದರಿಂದ ಒಂದು ಕಡೆ ಇರುವ ಯಂತ್ರವನ್ನು ಹಲವು ಕಡೆಯ ವಿದ್ಯಾರ್ಥಿಗಳು ಸರದಿಯ ಮೇಲೆ ಬಳಸುವ ಪದ್ಧತಿ ಬೆಳೆದು ಬಂದಿದೆ. ಹಳ್ಳಿಯಲ್ಲಿ ಒಂದೇ ಕೆರೆಯ ನೀರನ್ನು ಸರದಿ ಪ್ರಕಾರ ಎಲ್ಲರ ಗದ್ದೆಗೂ ಹಾಯಿಸುವ ಕ್ರಮದಂತೆಯೇ ಇದು ನಡೆಯುತ್ತದೆ.

ಟ್ರಾಂಬೆಯಲ್ಲಿ ಆರಂಭ

ಭಾರತದಲ್ಲಿ ಈ ಕಥೆ ಶುರುವಾಗುವುದು ಮುಂಬೈನ ಟ್ರಾಂಬೆಯಿಂದ. ಹೋಮಿ ಭಾಭಾ ನೇತೃತ್ವದಲ್ಲಿ ಕಟ್ಟಿದ ಅಪ್ಸರಾ ರಿಯಾಕ್ಟರ್ 1956ರ ಆಗಸ್ಟ್ 4ರಂದು ಚಾಲನೆಗೆ ಬಂತು. ಇದು ಈಜುಕೊಳದ ಮಾದರಿಯದು. ಆಳವಾದ ನೀರಿನ ಕೊಳದಲ್ಲಿ ಇಂಧನ ಮುಳುಗಿರುತ್ತದೆ. ಆ ನೀರೇ ಇಂಧನವನ್ನು ತಂಪು ಮಾಡುತ್ತದೆ, ಮೇಲೆ ನಿಂತು ನೋಡುವವರನ್ನು ವಿಕಿರಣದಿಂದ ಕಾಪಾಡುತ್ತದೆ. ರಿಯಾಕ್ಟರ್ ನಡೆಯುವಾಗ ನೀರಿನೊಳಗೆ ಹೊಳೆಯುವ ನೀಲಿ ಬೆಳಕಿಗೆ ಚೆರೆಂಕೋವ್ ಬೆಳಕು ಎಂದು ಹೆಸರು. ಅಪ್ಸರಾ ಎಂಬ ಹೆಸರನ್ನು ಇಟ್ಟವರು ಆಗಿನ ಪ್ರಧಾನಿ ಜವಾಹರಲಾಲ್ ನೆಹರೂ.

ರಿಯಾಕ್ಟರ್ ಬಂದ ಮರುವರ್ಷವೇ, ಅಂದರೆ 1957ರಲ್ಲಿ, ಟ್ರಾಂಬೆಯಲ್ಲಿ ತರಬೇತಿ ಶಾಲೆ ಆರಂಭವಾಯಿತು. ಆಗ ದೇಶದ ಯಾವ ವಿಶ್ವವಿದ್ಯಾಲಯವೂ ಪರಮಾಣು ತಂತ್ರಜ್ಞರನ್ನು ಸಿದ್ಧಪಡಿಸುವ ಸ್ಥಿತಿಯಲ್ಲಿ ಇರಲಿಲ್ಲ. ಹೊರದೇಶಕ್ಕೆ ಕಳಿಸಿ ಕಲಿಸಿದರೆ ಎಷ್ಟು ಮಂದಿ ಹಿಂತಿರುಗುತ್ತಾರೆ ಎಂಬ ಖಾತ್ರಿ ಇರಲಿಲ್ಲ. ಎಂಜಿನಿಯರಿಂಗ್ ಅಥವಾ ಎಂ.ಎಸ್ಸಿ. ಮುಗಿಸಿದವರನ್ನು ಆರಿಸಿ, ಒಂದು ವರ್ಷ ಪಾಠ ಮತ್ತು ಪ್ರಯೋಗ ಎರಡನ್ನೂ ಕಲಿಸಿ, ಅಲ್ಲಿಯೇ ಕೆಲಸಕ್ಕೆ ತೆಗೆದುಕೊಳ್ಳುವ ಕ್ರಮ ಅಂದಿನಿಂದ ನಡೆದು ಬಂದಿದೆ. ಭೌತವಿಜ್ಞಾನಿ ಎಂಜಿನಿಯರಿಂಗನ್ನೂ, ಎಂಜಿನಿಯರ್ ಭೌತವಿಜ್ಞಾನವನ್ನೂ ಒಂದಿಷ್ಟು ಕಲಿಯುವುದು ಈ ಶಾಲೆಯ ವಿಶೇಷ.

ಅಪ್ಸರಾ ಕಟ್ಟಿದ ತಂಡದಲ್ಲಿ ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ ಇದ್ದರು. ಮುಂದೆ ಅವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರೂ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರೂ ಆದರು. ಇಂದೂರಿನ ಉನ್ನತ ತಂತ್ರಜ್ಞಾನ ಕೇಂದ್ರಕ್ಕೆ 2005ರಲ್ಲಿ ಅವರ ಹೆಸರನ್ನೇ ಇಡಲಾಯಿತು.

ಹಳೆಯ ಅಪ್ಸರಾ ಐದು ದಶಕಗಳ ಸೇವೆಯ ನಂತರ 2009ರಲ್ಲಿ ನಿವೃತ್ತಿಯಾಯಿತು. ಅದೇ ಜಾಗದಲ್ಲಿ ಕಟ್ಟಿದ 2 ಮೆಗಾವಾಟ್ ಶಕ್ತಿಯ ಹೊಸ ಅಪ್ಸರಾ 2018ರ ಸೆಪ್ಟೆಂಬರ್ 10ರಂದು ಚಾಲನೆಗೊಂಡಿತು. 1960ರಲ್ಲಿ ಶುರುವಾದ ಸೈರಸ್ ರಿಯಾಕ್ಟರನ್ನು 2010ರ ಕೊನೆಯಲ್ಲಿ ಮುಚ್ಚಲಾಯಿತು. 1985ರಲ್ಲಿ ಬಂದ 100 ಮೆಗಾವಾಟಿನ ಧ್ರುವ ರಿಯಾಕ್ಟರಿನ ನ್ಯೂಟ್ರಾನ್ ಕಿರಣಗಳನ್ನು ಹೊರಗಿನ ವಿಶ್ವವಿದ್ಯಾಲಯಗಳ ಸಂಶೋಧಕರೂ ಬಳಸುತ್ತಾರೆ. ತಮಿಳುನಾಡಿನ ಕಲ್ಪಾಕ್ಕಂನಲ್ಲಿ 1996ರಿಂದ ಇರುವ ಕಾಮಿನಿ ಎಂಬ ಪುಟ್ಟ ರಿಯಾಕ್ಟರಿನ ಶಕ್ತಿ ಕೇವಲ 30 ಕಿಲೋವಾಟ್. ಅದರ ಇಂಧನ ಥೋರಿಯಂನಿಂದ ಪಡೆದ ಯುರೇನಿಯಂ-233.

ವಿಶ್ವವಿದ್ಯಾಲಯಗಳಿಗೆ ತೆರೆದ ಬಾಗಿಲು

ಬಹಳ ಕಾಲ ಈ ಯಂತ್ರಗಳು ಇಲಾಖೆಯ ನೌಕರರಿಗೆ ಮಾತ್ರ ಎಂಬಂತಿತ್ತು. ಸಣ್ಣ ಊರಿನ ಕಾಲೇಜು ಅಧ್ಯಾಪಕರಿಗೆ ಅಲ್ಲಿಗೆ ಹೋಗುವುದು ಕನಸಿನ ಮಾತಾಗಿತ್ತು. 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ದೆಹಲಿಯಲ್ಲಿ ನ್ಯೂಕ್ಲಿಯರ್ ಸೈನ್ಸ್ ಸೆಂಟರ್ ಸ್ಥಾಪಿಸಿದಾಗ ಪರಿಸ್ಥಿತಿ ಬದಲಾಯಿತು. ಎಲ್ಲ ವಿಶ್ವವಿದ್ಯಾಲಯಗಳಿಗೂ ಸೇರಿದ ಇಂಥ ಸಂಸ್ಥೆ ದೇಶದಲ್ಲಿ ಇದೇ ಮೊದಲನೆಯದು. ಈಗ ಅದರ ಹೆಸರು ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರ. ಅಲ್ಲಿರುವ ಪೆಲೆಟ್ರಾನ್ ಎಂಬ ಎತ್ತರದ ಯಂತ್ರವು ಪರಮಾಣು ಕಣಗಳನ್ನು ಅತಿ ವೇಗದಲ್ಲಿ ಓಡಿಸಿ ಗುರಿಗೆ ಹೊಡೆಯುತ್ತದೆ. 1990ರ ದಶಕದ ಆರಂಭದಿಂದ ದೇಶದ ನಾನಾ ಭಾಗಗಳ ಸಂಶೋಧನಾ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಪ್ರಯೋಗ ಮಾಡಿ ಬರುತ್ತಿದ್ದಾರೆ.

ಸರದಿ ಸಿಗುವ ಕ್ರಮ ಹೀಗಿದೆ. ಸಂಶೋಧಕರು ತಮ್ಮ ಪ್ರಯೋಗದ ಉದ್ದೇಶ ವಿವರಿಸಿ ಅರ್ಜಿ ಬರೆಯಬೇಕು. ತಜ್ಞರ ಸಮಿತಿ ಅದನ್ನು ಪರಿಶೀಲಿಸಿ, ಒಪ್ಪಿದರೆ ಇಷ್ಟು ದಿನ ಎಂದು ಯಂತ್ರದ ಸಮಯ ಕೊಡುತ್ತದೆ. ಆ ದಿನಗಳಲ್ಲಿ ಯಂತ್ರ ರಾತ್ರಿ ಹಗಲು ಓಡುತ್ತದೆ, ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಅಂಕಿ ಅಂಶ ಸಂಗ್ರಹಿಸುತ್ತಾರೆ. ಅರ್ಜಿ ಹಾಕಿದವರ ಕಾಲೇಜು ದೊಡ್ಡದೋ ಸಣ್ಣದೋ ಎಂಬುದಕ್ಕಿಂತ ಪ್ರಶ್ನೆ ಗಟ್ಟಿಯಾಗಿದೆಯೇ ಎಂಬುದು ಮುಖ್ಯವಾಗುತ್ತದೆ.

1980ರ ದಶಕದ ಕೊನೆಯಲ್ಲಿ ಅನುದಾನ ಆಯೋಗ ಮತ್ತು ಪರಮಾಣು ಶಕ್ತಿ ಇಲಾಖೆ ಸೇರಿ ಇನ್ನೊಂದು ಒಕ್ಕೂಟ ರಚಿಸಿದವು. ಇದರ ಕೇಂದ್ರ ಕಚೇರಿ ಇಂದೂರಿನಲ್ಲಿದೆ, ಮುಂಬೈ ಮತ್ತು ಕೋಲ್ಕತ್ತಾಗಳಲ್ಲಿ ಶಾಖೆಗಳಿವೆ. ಧ್ರುವ ರಿಯಾಕ್ಟರ್, ಕೋಲ್ಕತ್ತಾದ ಸೈಕ್ಲೋಟ್ರಾನ್, ಇಂದೂರಿನ ಇಂಡಸ್ ಯಂತ್ರಗಳನ್ನು ವಿಶ್ವವಿದ್ಯಾಲಯಗಳ ಕೈಗೆ ಎಟುಕಿಸುವುದು ಇದರ ಕೆಲಸ.

ದೆಹಲಿಯ ಕೇಂದ್ರವು ಫೀನಿಕ್ಸ್ ಎಂಬ ಕಡಿಮೆ ಬೆಲೆಯ ಉಪಕರಣವನ್ನು ಸಹ ಸಿದ್ಧಪಡಿಸಿತು. ಕಂಪ್ಯೂಟರಿಗೆ ಜೋಡಿಸಿ ಪದವಿ ಕಾಲೇಜಿನಲ್ಲಿಯೇ ಭೌತವಿಜ್ಞಾನದ ಪ್ರಯೋಗಗಳನ್ನು ಮಾಡಲು ಇದು ನೆರವಾಗುತ್ತದೆ.

ಗಡಿನಾಡಿನ ಹತ್ತಿರದಲ್ಲೇ

ಇವೆಲ್ಲ ಮುಂಬೈ, ದೆಹಲಿಯ ಮಾತಾಯಿತು. ಕಾಸರಗೋಡಿನ ವಿದ್ಯಾರ್ಥಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ತಲಪಾಡಿ ಗಡಿಯಿಂದ ಕೆಲವೇ ಕಿಲೋಮೀಟರ್ ದೂರದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ 1990ರ ದಶಕದ ನಡುವಿನಲ್ಲಿ ಮೈಕ್ರೋಟ್ರಾನ್ ಕೇಂದ್ರ ಸ್ಥಾಪನೆಯಾಯಿತು. ಯಂತ್ರವನ್ನು ನಿರ್ಮಿಸಿದ್ದು ಇಂದೂರಿನ ಕೇಂದ್ರ. ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಸುತ್ತು ಹಾಕುತ್ತ, ಪ್ರತಿ ಸುತ್ತಿಗೂ ಶಕ್ತಿ ಹೆಚ್ಚಿಸಿಕೊಳ್ಳುತ್ತ, ಕೊನೆಗೆ 80 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೊಂದಿಗೆ ಹೊರಬರುತ್ತವೆ. ಅರೆವಾಹಕಗಳು, ಪ್ಲಾಸ್ಟಿಕ್, ಬೀಜಗಳು, ಜೀವಕೋಶಗಳ ಮೇಲೆ ವಿಕಿರಣದ ಪರಿಣಾಮವನ್ನು ಇಲ್ಲಿ ಅಧ್ಯಯನ ಮಾಡಲಾಗಿದೆ. ಭೌತವಿಜ್ಞಾನದವರ ಜೊತೆ ಜೀವವಿಜ್ಞಾನದವರೂ ಈ ಯಂತ್ರ ಬಳಸುತ್ತಾರೆ.

ಇದೇ ವಿಶ್ವವಿದ್ಯಾಲಯದ ಸಂಶೋಧಕರು ಉತ್ತರ ಕನ್ನಡದ ಕೈಗಾ ಸುತ್ತಲಿನ ಮಣ್ಣು, ನೀರು, ಗಿಡಗಳಲ್ಲಿ ವಿಕಿರಣದ ಮಟ್ಟವನ್ನು ಅಳೆದಿದ್ದಾರೆ. ಕೈಗಾದ ಮೊದಲ ಘಟಕಗಳು ವಿದ್ಯುತ್ ಮಾರಾಟ ಆರಂಭಿಸಿದ್ದು 2000ದಲ್ಲಿ. ಸ್ಥಾವರ ಬರುವ ಮುಂಚೆ ನೆಲದಲ್ಲಿ ಸಹಜವಾಗಿ ಎಷ್ಟು ವಿಕಿರಣ ಇತ್ತು ಎಂಬ ಲೆಕ್ಕ ಇಲ್ಲದಿದ್ದರೆ, ಆಮೇಲೆ ಹೆಚ್ಚಾಯಿತೇ ಇಲ್ಲವೇ ಎಂದು ಹೇಳಲು ಯಾರಿಂದಲೂ ಆಗದು. ಸ್ಥಾವರದವರು ತಾವೇ ಅಳೆದು ತಾವೇ ಹೇಳುವುದಕ್ಕೂ ಹೊರಗಿನವರೊಬ್ಬರು ಅಳೆಯುವುದಕ್ಕೂ ವ್ಯತ್ಯಾಸವಿದೆ. ಅಳೆಯಬಲ್ಲವರು ಊರ ಹತ್ತಿರವೇ ತಯಾರಾಗುವುದರಲ್ಲಿ ಸ್ಥಾವರದ ಸುತ್ತಲಿನ ಜನರ ಹಿತ ಅಡಗಿದೆ.

ನೀಲಗಿರಿಯ ಕನ್ನಡಿಗರಿಗೆ ಊಟಿಯ ಕಾಸ್ಮಿಕ್ ಕಿರಣ ಪ್ರಯೋಗಾಲಯ ಗೊತ್ತಿರಬಹುದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಈ ಪ್ರಯೋಗಾಲಯದಲ್ಲಿ ಆಕಾಶದಿಂದ ಸುರಿಯುವ ಕಣಗಳನ್ನು ಹಿಡಿಯುವ ಉಪಕರಣಗಳನ್ನು ಬೆಟ್ಟದ ಮೇಲೆ ಸಾಲಾಗಿ ಇಟ್ಟಿದ್ದಾರೆ. ಭಾರತ ಮತ್ತು ಜಪಾನಿನ ಸಂಸ್ಥೆಗಳು ಇದರಲ್ಲಿ ಕೂಡಿ ಕೆಲಸ ಮಾಡುತ್ತವೆ. 2014ರ ಡಿಸೆಂಬರಿನ ಒಂದು ಗುಡುಗು ಮೋಡದೊಳಗೆ 130 ಕೋಟಿ ವೋಲ್ಟ್ ವಿದ್ಯುತ್ ಒತ್ತಡ ಇತ್ತೆಂದು ಇಲ್ಲಿಯ ಮಾಪನದಿಂದ ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಲಾಯಿತು. ಇನ್ನೂ ಹಿಂದಕ್ಕೆ ಹೋದರೆ ಆಂಧ್ರದ ಗಡಿಗೆ ಹತ್ತಿರದ ಕೋಲಾರ ಚಿನ್ನದ ಗಣಿ ಇದೆ. 1965ರಲ್ಲಿ ಅದರ ಆಳದಲ್ಲಿ ಭಾರತ, ಬ್ರಿಟನ್, ಜಪಾನ್ ವಿಜ್ಞಾನಿಗಳು ಕೂಡಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಗುರುತು ಹಿಡಿದರು. ಚಿನ್ನ ತೆಗೆಯಲು ತೋಡಿದ ಸುರಂಗವೇ ಆಗ ಹಂಚಿಕೊಂಡ ಪ್ರಯೋಗಾಲಯವಾಗಿತ್ತು.

ಕೈಯಾರೆ ಕಲಿಯುವುದು ಏನು?

ಮೊದಲ ಪಾಠ ಗೈಗರ್ ಕೌಂಟರ್. ವಿಕಿರಣ ತಾಗಿದಾಗಲೆಲ್ಲ ಟಿಕ್ ಎನ್ನುವ ಈ ಉಪಕರಣದಿಂದ ಮೂರು ವಿಷಯ ಮನದಟ್ಟಾಗುತ್ತವೆ. ಮೂಲದಿಂದ ಎರಡು ಪಟ್ಟು ದೂರ ಹೋದರೆ ವಿಕಿರಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಸೀಸ ಇಟ್ಟರೆ ಕಡಿಮೆಯಾಗುತ್ತದೆ. ಹತ್ತಿರ ಇರುವ ಸಮಯ ಅರ್ಧವಾದರೆ ಮೈಗೆ ತಾಗುವ ಪ್ರಮಾಣವೂ ಅರ್ಧವಾಗುತ್ತದೆ. ದೂರ, ತಡೆ, ಸಮಯ ಎಂಬ ಈ ಮೂರರ ಮೇಲೆಯೇ ವಿಕಿರಣ ಸುರಕ್ಷತೆಯ ಶಾಸ್ತ್ರ ನಿಂತಿದೆ.

ಈ ಪಾಠಕ್ಕೆ ಅಪಾಯಕಾರಿ ವಸ್ತು ಬೇಕೆಂದೇನೂ ಇಲ್ಲ. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದ ಮುಂದೆ ಕೌಂಟರ್ ಹಿಡಿದರೆ ಎಣಿಕೆ ಸ್ವಲ್ಪ ಏರುತ್ತದೆ. ನಿಸರ್ಗದ ಪೊಟ್ಯಾಸಿಯಂನಲ್ಲಿ ಶೇ. 0.012ರಷ್ಟು ಪೊಟ್ಯಾಸಿಯಂ-40 ಇದ್ದು, ಅದರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಹಿಂದೆ ಮದುವೆ ಚಪ್ಪರ, ಬಯಲಾಟಗಳಿಗೆ ತರುತ್ತಿದ್ದ ಗ್ಯಾಸ್‌ಲೈಟಿನ ಮ್ಯಾಂಟಲ್‌ನಲ್ಲಿ ಥೋರಿಯಂ ಇರುತ್ತಿತ್ತು. ವಿಕಿರಣ ಎಂಬುದು ಬಾಂಬು, ಸ್ಥಾವರಗಳಲ್ಲಿ ಮಾತ್ರ ಇರುವ ಭೂತವಲ್ಲ, ಎಲ್ಲೆಡೆ ಇದ್ದು ಪ್ರಮಾಣದ ಮೇಲೆ ಅಪಾಯ ನಿರ್ಧಾರವಾಗುವಂಥದ್ದು ಎಂಬ ತಿಳಿವಳಿಕೆ ಇಂಥ ಪ್ರಯೋಗದಿಂದ ಬರುತ್ತದೆ.

ಎರಡನೆಯ ಹಂತದಲ್ಲಿ ಯಂತ್ರಗಳ ಸ್ವಭಾವ ತಿಳಿಯಬೇಕು. ಮೈಕ್ರೋಟ್ರಾನಿನ ವಿದ್ಯುತ್ ನಿಲ್ಲಿಸಿದರೆ ಅದರ ಕಿರಣವೂ ನಿಲ್ಲುತ್ತದೆ. ಕೋಬಾಲ್ಟ್-60 ಮೂಲಕ್ಕೆ ಅಂಥ ಸ್ವಿಚ್ ಇಲ್ಲ. ಅದರ ಅರ್ಧಾಯುಷ್ಯ ಸುಮಾರು 5.27 ವರ್ಷ. ಮೂಲೆಯಲ್ಲಿ ಬಿಟ್ಟು ಮರೆತರೂ ಅದು ವಿಕಿರಣ ಸೂಸುತ್ತಲೇ ಇರುತ್ತದೆ.

ಮೂರನೆಯ ಹಂತ ರಿಯಾಕ್ಟರ್. ತರಬೇತಿ ರಿಯಾಕ್ಟರಿನಲ್ಲಿ ವಿದ್ಯಾರ್ಥಿ ಮಾಡುವ ಮುಖ್ಯ ಪ್ರಯೋಗಕ್ಕೆ ಕ್ರಾಂತಿಸ್ಥಿತಿಯತ್ತ ಸಾಗುವುದು ಎನ್ನುತ್ತಾರೆ. ಒಂದು ಯುರೇನಿಯಂ ಪರಮಾಣು ಒಡೆದಾಗ ಎರಡು ಮೂರು ನ್ಯೂಟ್ರಾನುಗಳು ಹೊರಡುತ್ತವೆ. ಅವುಗಳಲ್ಲಿ ಸರಾಸರಿ ಒಂದು ಮಾತ್ರ ಮತ್ತೊಂದು ಪರಮಾಣುವನ್ನು ಒಡೆದರೆ ಕ್ರಿಯೆ ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ನಡೆಯುತ್ತದೆ. ನಿಯಂತ್ರಣ ಸರಳುಗಳನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತಿ, ಪ್ರತಿ ಸಲ ನ್ಯೂಟ್ರಾನ್ ಎಣಿಕೆ ಬರೆದುಕೊಂಡು, ನಕ್ಷೆಯ ಮೇಲೆ ಗೆರೆ ಎಳೆದು, ಯಾವ ಎತ್ತರದಲ್ಲಿ ಆ ಸ್ಥಿತಿ ಬರುತ್ತದೆ ಎಂದು ವಿದ್ಯಾರ್ಥಿ ಮುಂಚಿತವಾಗಿ ಹೇಳಬೇಕು. ಆಮೇಲೆ ಅದು ನಿಜವೇ ಎಂದು ನೋಡಬೇಕು.

ಯುರೇನಿಯಂ-235 ಒಡೆದಾಗ ಬರುವ ನ್ಯೂಟ್ರಾನುಗಳಲ್ಲಿ ಶೇ. 0.65ರಷ್ಟು ತಡವಾಗಿ ಹೊರಬರುತ್ತವೆ. ಈ ಅಲ್ಪ ಭಾಗದ ತಡದಿಂದಲೇ ಮನುಷ್ಯ ಮತ್ತು ಯಂತ್ರಗಳಿಗೆ ರಿಯಾಕ್ಟರನ್ನು ಹತೋಟಿಯಲ್ಲಿಡಲು ಸಮಯ ಸಿಗುತ್ತದೆ. ಪುಸ್ತಕದಲ್ಲಿ ಇದು ಒಂದು ಸಾಲು. ಸರಳು ಎತ್ತಿದ ಮೇಲೆ ಮುಳ್ಳು ನಿಧಾನವಾಗಿ ಏರುವುದನ್ನು ಕಣ್ಣಾರೆ ಕಂಡವರಿಗೆ ಆ ಸಾಲಿನ ತೂಕ ಗೊತ್ತಾಗುತ್ತದೆ.

ಹೊರದೇಶಗಳಲ್ಲಿ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ 1953ರಲ್ಲಿಯೇ ರಿಯಾಕ್ಟರ್ ಚಾಲನೆಗೊಂಡಿತ್ತು. ವಿಶ್ವವಿದ್ಯಾಲಯವೊಂದರಲ್ಲಿ ಕಟ್ಟಿದ ಮೊದಲ ರಿಯಾಕ್ಟರ್ ಅದು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯವು ಒಸಾಕಾ ಬಳಿಯ ಕುಮಾಟೋರಿಯಲ್ಲಿರುವ ತನ್ನ ಪ್ರಯೋಗ ರಿಯಾಕ್ಟರಿನಲ್ಲಿ 1975ರಿಂದ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ಕಲಿಸಲು ಆರಂಭಿಸಿತು. ಮುಂದೆ ಕೊರಿಯಾ ಮತ್ತು ಸ್ವೀಡನ್ನಿನ ವಿದ್ಯಾರ್ಥಿಗಳೂ ಅಲ್ಲಿಗೆ ಬಂದರು.

ಯುರೋಪಿನಲ್ಲಿ 2008ರಲ್ಲಿ ಹಲವು ಸಂಶೋಧನಾ ರಿಯಾಕ್ಟರುಗಳು ಸೇರಿ ಒಂದು ಕೂಟ ಮಾಡಿಕೊಂಡವು. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನೆರವಿನಿಂದ ನಡೆಯುವ ಆರು ವಾರಗಳ ಈ ತರಬೇತಿಗೆ ಸ್ವಂತ ರಿಯಾಕ್ಟರ್ ಇಲ್ಲದ ದೇಶಗಳ ಯುವಕರು ಬರುತ್ತಾರೆ. ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್, ಲ್ಯೂಬ್ಲಿಯಾನಾ ನಗರಗಳ ರಿಯಾಕ್ಟರುಗಳು ಇದರಲ್ಲಿ ಭಾಗವಹಿಸಿವೆ. ಪ್ರಾಗ್‌ನ ತಾಂತ್ರಿಕ ವಿಶ್ವವಿದ್ಯಾಲಯದ ರಿಯಾಕ್ಟರ್ ಬಲು ಸಣ್ಣದು, ಅಲ್ಲಿಯವರು ಅದನ್ನು ಗುಬ್ಬಚ್ಚಿ ಎಂದೇ ಕರೆಯುತ್ತಾರೆ. ಕಲಿಯುವವರಿಗೆ ಸಣ್ಣದಾದಷ್ಟೂ ಒಳ್ಳೆಯದು. ಶಾಖ ಹುಟ್ಟುವುದು ಅತ್ಯಲ್ಪವಾದ್ದರಿಂದ ದಿನಕ್ಕೆ ಹಲವು ಸಲ ಆರಂಭಿಸಿ ನಿಲ್ಲಿಸಬಹುದು.

ಪ್ರಯಾಣವೂ ಸಾಧ್ಯವಾಗದವರಿಗೆ ಇಂಟರ್ನೆಟ್ ದಾರಿ ಇದೆ. ಒಂದು ದೇಶದ ರಿಯಾಕ್ಟರಿನ ನಿಯಂತ್ರಣ ಫಲಕದ ಅಂಕಿಗಳು ಮತ್ತೊಂದು ದೇಶದ ತರಗತಿಯ ಪರದೆಯ ಮೇಲೆ ಮೂಡುತ್ತವೆ. ಅರ್ಜೆಂಟೀನಾದ ಬಾರಿಲೋಚೆಯ ರಿಯಾಕ್ಟರಿನಿಂದ ಲ್ಯಾಟಿನ್ ಅಮೆರಿಕದ ಇತರ ದೇಶಗಳಿಗೆ ಹೀಗೆ ಪಾಠ ನಡೆದಿದೆ. ಸರಳನ್ನು ಎತ್ತುವುದು ಅಲ್ಲಿಯ ನೌಕರರೇ, ಲೆಕ್ಕ ಹಾಕಿ ಹೇಳುವುದು ಇಲ್ಲಿಯ ವಿದ್ಯಾರ್ಥಿ.

ಮಾಯಾಪುರಿ ಕಲಿಸಿದ್ದು

ಕೈಯಾರೆ ಕಲಿತವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2010ರ ಘಟನೆ ತೋರಿಸಿತು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೋಬಾಲ್ಟ್-60 ಇದ್ದ ಹಳೆಯ ಉಪಕರಣವೊಂದು ವರ್ಷಗಟ್ಟಲೆ ಬಳಕೆಯಿಲ್ಲದೆ ಬಿದ್ದಿತ್ತು. 2010ರ ಫೆಬ್ರವರಿಯಲ್ಲಿ ಅದನ್ನು ಹರಾಜು ಹಾಕಲಾಯಿತು. ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಅದನ್ನು ಬಿಚ್ಚಿದರು. ಹೊಳೆಯುವ ಲೋಹದಲ್ಲಿ ಏನಿದೆ ಎಂದು ಬಿಚ್ಚಿದವರಿಗೆ ಗೊತ್ತಿರಲಿಲ್ಲ. ಏಪ್ರಿಲ್ ವೇಳೆಗೆ ಏಳು ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅಂತಾರಾಷ್ಟ್ರೀಯ ಮಾಪನದಲ್ಲಿ ಇದನ್ನು 4ನೇ ಮಟ್ಟದ ಅಪಘಾತ ಎಂದು ಗುರುತಿಸಲಾಯಿತು.

ಸತ್ತದ್ದು ವಿಜ್ಞಾನಿಯಲ್ಲ, ಗುಜರಿ ಕೆಲಸಗಾರ. ಒಂದು ಕೌಂಟರ್ ಹಿಡಿದು ಪರೀಕ್ಷಿಸಬಲ್ಲವರು ಹರಾಜಿನ ದಿನ ಅಲ್ಲಿದ್ದರೆ ಉಪಕರಣ ಹೊರಗೆ ಹೋಗುತ್ತಿರಲಿಲ್ಲ. ಆಸ್ಪತ್ರೆ, ಕಾರ್ಖಾನೆ, ರಸ್ತೆ ಕಾಮಗಾರಿಗಳಲ್ಲಿ ಕೂಡ ವಿಕಿರಣ ಮೂಲಗಳು ಬಳಕೆಯಲ್ಲಿರುವುದರಿಂದ ಈ ಎಚ್ಚರ ಎಲ್ಲ ಊರಿಗೂ ಬೇಕು. ಮೂರು ಎಸಳಿನ ವಿಕಿರಣ ಚಿಹ್ನೆ ಇರುವ ಪೆಟ್ಟಿಗೆ, ತೀರಾ ಭಾರವಾದ ಸೀಸದ ಡಬ್ಬಿ ಗುಜರಿಯಲ್ಲಿ ಕಂಡರೆ ಬಿಚ್ಚಬಾರದು. ದೂರ ನಿಂತು ಪೊಲೀಸರಿಗೆ ತಿಳಿಸಬೇಕು.

ಕಲಿಯುವವರ ಸುರಕ್ಷತೆ

ದೇಶದಲ್ಲಿ ಇದರ ಮೇಲ್ವಿಚಾರಣೆ 1983ರಲ್ಲಿ ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಅದರ ನಿಯಮದಂತೆ ವಿಕಿರಣ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. 16ರಿಂದ 18 ವರ್ಷದ ತರಬೇತಿಯವರಿಗೆ ಮಿತಿ ವರ್ಷಕ್ಕೆ 6. ಸಾರ್ವಜನಿಕರಿಗೆ 1. ಯಂತ್ರದ ಕೋಣೆಗೆ ಹೋಗುವವರು ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಧರಿಸಬೇಕು. ಕಾಲಕಾಲಕ್ಕೆ ಅದನ್ನು ಪರೀಕ್ಷಿಸಿ, ಮೈಗೆ ತಾಗಿದ ವಿಕಿರಣದ ದಾಖಲೆ ಇಡುತ್ತಾರೆ. ಬ್ಯಾಡ್ಜ್ ಕೊಡದೆ ಒಳಗೆ ಕಳಿಸಿದರೆ ಕೇಳುವ ಹಕ್ಕು ವಿದ್ಯಾರ್ಥಿಗಿದೆ.

ಗಡಿನಾಡಿನ ವಿದ್ಯಾರ್ಥಿಗೆ ದಾರಿಗಳು

ಪದವಿ ಓದುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಎಂಜಿನಿಯರಿಂಗ್, ಎಂ.ಎಸ್ಸಿ. ಮುಗಿಸಿದವರು ಗೇಟ್ ಅಂಕ ಅಥವಾ ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನದ ಮೂಲಕ ಭಾಭಾ ಕೇಂದ್ರದ ತರಬೇತಿ ಶಾಲೆ ಸೇರಬಹುದು. ಆಸ್ಪತ್ರೆಗಳ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಕೆಲಸ ಬೇಕಾದವರಿಗೆ ಅದೇ ಕೇಂದ್ರದ ವಿಕಿರಣ ಭೌತವಿಜ್ಞಾನದ ಡಿಪ್ಲೊಮಾ ಇದೆ.

ಅಷ್ಟು ಓದಲು ಅನುಕೂಲ ಇಲ್ಲದವರಿಗೂ ಬಾಗಿಲು ಮುಚ್ಚಿಲ್ಲ. ಪರಮಾಣು ವಿದ್ಯುತ್ ನಿಗಮವು ಕೈಗಾ ಮುಂತಾದ ಸ್ಥಾವರಗಳಿಗೆ ಸ್ಟೈಪೆಂಡಿಯರಿ ಟ್ರೈನಿಗಳನ್ನು ಆರಿಸುತ್ತದೆ. ಡಿಪ್ಲೊಮಾ ಅಥವಾ ಬಿ.ಎಸ್ಸಿ. ಆದವರಿಗೆ ಒಂದು ವರ್ಗ, ಹತ್ತನೇ ತರಗತಿಯ ನಂತರ ಐಟಿಐ ಅಥವಾ ವಿಜ್ಞಾನ ಪಿಯುಸಿ ಆದವರಿಗೆ ಇನ್ನೊಂದು ವರ್ಗ. ತರಬೇತಿಯ ಕಾಲದಲ್ಲಿ ಭತ್ಯೆ ಸಿಗುತ್ತದೆ.

ಗಡಿಭಾಗದವರು ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಇವು ಕೇಂದ್ರ ಸರ್ಕಾರದ ಹುದ್ದೆಗಳಾದ್ದರಿಂದ ಕಾಸರಗೋಡು, ತಾಳವಾಡಿ, ಜತ್ತ, ಮಡಕಶಿರಾ ಎಲ್ಲಿಯವರೇ ಆದರೂ ಕರ್ನಾಟಕದ ವಾಸದ ದಾಖಲೆ ಬೇಕಿಲ್ಲ. ಆದರೆ ಮೀಸಲಾತಿ ಪಟ್ಟಿ ರಾಜ್ಯವಾರು ಇರುತ್ತದೆ. ಒಂದೇ ಸಮುದಾಯ ಗಡಿಯ ಈಚೆ ಒಂದು ವರ್ಗ, ಆಚೆ ಇನ್ನೊಂದು ವರ್ಗದಲ್ಲಿ ಇರಬಹುದು. ತಮ್ಮ ರಾಜ್ಯದ ಪಟ್ಟಿಯನ್ನು ನೋಡಿ, ಕೇಂದ್ರದ ನಮೂನೆಯಲ್ಲಿ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಮಲಯಾಳಂ, ತಮಿಳು, ಮರಾಠಿ, ತೆಲುಗು ದಾಖಲೆಗಳಿಂದ ಇಂಗ್ಲಿಷಿಗೆ ಬರೆಯುವಾಗ ಹೆಸರು, ಇನಿಷಿಯಲ್, ಮನೆತನದ ಹೆಸರು ಎಲ್ಲ ಕಡೆ ಒಂದೇ ರೀತಿ ಇರಬೇಕು.

ಗೇಟ್ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಪದವಿಯ ಮೊದಲ ವರ್ಷದಿಂದಲೇ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ರೂಢಿ ಮಾಡಿಕೊಂಡರೆ ಕಷ್ಟವಾಗದು. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಆಡಿ ಬೆಳೆದ ಗಡಿನಾಡಿನ ಮಕ್ಕಳಿಗೆ ಇನ್ನೊಂದು ಭಾಷೆ ಕಲಿಯುವುದು ಹೊಸ ಕೆಲಸವೇನಲ್ಲ. ಅರ್ಜಿ ಕರೆದ ಪ್ರಕಟಣೆ, ವಯೋಮಿತಿ, ಭತ್ಯೆಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ಸಂಸ್ಥೆಯ ಅಧಿಕೃತ ಪ್ರಕಟಣೆಯನ್ನೇ ನೋಡಿ ಅರ್ಜಿ ತುಂಬಬೇಕು.